‘ಸಾರಿ ವಿ ಮಿಸ್ಡ್ ಯೂ’ ತೋರಿಸಿದೆವು. ‘ಮನೆ ಇದೆ, ವ್ಯಾನ್ ಇದೆ, ಇದೆಂಥ ಬಡತನ?’ ಅಂದರು. ಏನು ಹೇಳಲಿ?

ಬೆಣ್ಣೆನಗರಿ ಕೇಳಿದ್ದು:

ದಾವಣಗೆರೆಯಲ್ಲಿ ನಾವು ಕೆಲವರು ಸೇರಿ ತಿಂಗಳಿಗೊಂದು ಸಿನಿಮಾ ತೋರಿಸುತ್ತೇವೆ. ಟ್ಯುಟೋರಿಯಲ್ ಒಂದರ ಮೇಲ್ಮಹಡಿ, ಬಾಡಿಗೆ ಪ್ರೊಜೆಕ್ಟರ್, ಗೋಡೆಗೆ ಬಿಳಿ ಬಟ್ಟೆ. ಬರುವವರಲ್ಲಿ ಕಾಲೇಜು ಹುಡುಗರಿದ್ದಾರೆ, ನಿವೃತ್ತ ಮೇಷ್ಟ್ರುಗಳಿದ್ದಾರೆ. ಹತ್ತಿ ಗಿರಣಿ ಮುಚ್ಚಿದ ಮೇಲೆ ಆಟೋ ಓಡಿಸಿ, ಅಂಗಡಿಯಲ್ಲಿ ಲೆಕ್ಕ ಬರೆದು ಸಂಸಾರ ನಡೆಸಿದವರೂ ಇದ್ದಾರೆ. ನಮ್ಮಪ್ಪ ಆ ಕೊನೆಯ ಗುಂಪಿನವರು.

ಈ ಸಲ ಕೆನ್ ಲೋಚ್ ನಿರ್ದೇಶನದ ‘ಸಾರಿ ವಿ ಮಿಸ್ಡ್ ಯೂ’ (2019) ಹಾಕಿದ್ದೆವು. ನೋಡದವರಿಗೆ ಚಿಕ್ಕದಾಗಿ ಕಥೆ ಹೇಳ್ತೀನಿ. ಇಂಗ್ಲೆಂಡಿನ ನ್ಯೂಕ್ಯಾಸಲ್ ಊರು. ರಿಕಿ ಕಟ್ಟಡ ಕೆಲಸ ಮಾಡಿಕೊಂಡಿದ್ದವನು. ನಾರ್ದರ್ನ್ ರಾಕ್ ಬ್ಯಾಂಕ್ ಕುಸಿದ ಕಾಲದಲ್ಲಿ ಸ್ವಂತ ಮನೆಯ ಆಸೆಯೂ ಹೋಯಿತು, ಕೆಲಸವೂ ಹೋಯಿತು. ಆಮೇಲೆ ಬಾಡಿಗೆ ಮನೆ, ಸಿಕ್ಕ ಸಿಕ್ಕ ಕೂಲಿ. ಈಗ ಪಾರ್ಸೆಲ್ ಹಂಚುವ ಡಿಪೋ ಒಂದಕ್ಕೆ ಸೇರುತ್ತಾನೆ. ಅಲ್ಲಿ ಸಂಬಳ ಅನ್ನೋದು ಇಲ್ಲ. ವ್ಯಾನ್ ಅವನದು, ವಿಮೆ ಅವನದು, ನಷ್ಟವೂ ಅವನದು. ‘ನಿನಗೆ ನೀನೇ ಧಣಿ’ ಅಂತ ನಂಬಿಸುತ್ತಾರೆ. ವ್ಯಾನಿನ ಮುಂಗಡಕ್ಕಾಗಿ ಹೆಂಡತಿ ಆ್ಯಬಿಯ ಕಾರು ಮಾರುತ್ತಾರೆ. ಆ್ಯಬಿ ಮನೆಮನೆಗೆ ಹೋಗಿ ವಯಸ್ಸಾದವರನ್ನು, ಅಂಗವಿಕಲರನ್ನು ನೋಡಿಕೊಳ್ಳುವವಳು. ಕಾರು ಹೋದ ಮೇಲೆ ಅವಳಿಗೆ ಬಸ್ಸೇ ಗತಿ. ಹದಿಹರೆಯದ ಮಗ ಸೆಬ್, ಚಿಕ್ಕ ಮಗಳು ಲೈಜಾ.

ಸಿನಿಮಾ ಮುಗಿದ ಮೇಲೆ ಚರ್ಚೆ ಜೋರಾಯಿತು. ಒಬ್ಬ ಮೇಷ್ಟ್ರು, ‘ಮನೆ ಇದೆ, ಟಿವಿ ಇದೆ, ಎಲ್ಲರ ಕೈಯಲ್ಲೂ ಫೋನ್ ಇದೆ, ವ್ಯಾನ್ ಬೇರೆ. ಇದನ್ನ ಬಡತನ ಅಂತ ನಮಗ್ಯಾಕೆ ತೋರಿಸ್ತೀರಿ?’ ಅಂದರು. ಹುಡುಗರ ದೂರು ಬೇರೆ. ರಿಕಿ ಯಾಕೆ ತಿರುಗಿ ನಿಲ್ಲೋದಿಲ್ಲ? ಡಿಪೋದಲ್ಲಿ ಅಷ್ಟು ಜನ ಚಾಲಕರಿದ್ದಾರೆ, ಒಂದು ದಿನ ಎಲ್ಲರೂ ಕೆಲಸ ನಿಲ್ಲಿಸಿದರೆ ಆಗ್ತಿತ್ತಲ್ವಾ? ಕೊನೆಯಲ್ಲಿ ದಾರಿಯೇ ತೋರಿಸದೆ ಬಿಟ್ಟರಲ್ಲ ಅಂತ ಬೇಜಾರು ಮಾಡಿಕೊಂಡರು. ಅಪ್ಪ ಮಾತ್ರ ಏನೂ ಹೇಳದೆ ಎದ್ದು ಹೋದರು.

ನನಗೆ ಸಿನಿಮಾ ತುಂಬಾ ತಟ್ಟಿತು. ಆದರೆ ಆ ಮೇಷ್ಟ್ರಿಗೆ ಸರಿಯಾದ ಉತ್ತರ ಕೊಡೋಕೆ ಆಗಲಿಲ್ಲ. ಇಲ್ಲಿ ಇಂಥ ಸಿನಿಮಾ ನೋಡುವವರು, ಆ ಕಡೆ ಇರುವವರು ಯಾರಾದರೂ ಇದ್ದರೆ ಹೇಳಿ. ಮುಂದಿನ ತಿಂಗಳು ಇದೇ ಜಾಡಿನ ಇನ್ನೊಂದು ತೋರಿಸೋಣ ಅಂತಿದ್ದೇನೆ. ಯಾವುದು ಸರಿ ಅಂತಲೂ ತಿಳಿಸಿ.

---

ಕ್ಲಾಪ್‌ಬೋರ್ಡ್ ಉತ್ತರ:

ನಾನು ಬೆಂಗಳೂರಿನಲ್ಲಿ ಸಹಾಯಕ ನಿರ್ದೇಶಕ. ಕಥೆ ಬಗ್ಗೆ ಬೇರೆಯವರು ಹೇಳಲಿ, ನಾನು ಇದನ್ನು ಮಾಡಿದ ರೀತಿ ಬಗ್ಗೆ ಹೇಳ್ತೀನಿ. ಹುಡುಗರಿಗೆ ಇದು ಇಷ್ಟ ಆಗಬಹುದು.

ಲೋಚ್ ಮೊದಲ ದೃಶ್ಯದಿಂದ ಕೊನೆ ದೃಶ್ಯದವರೆಗೆ ಕಥೆಯ ಕ್ರಮದಲ್ಲೇ ಚಿತ್ರೀಕರಣ ಮಾಡುತ್ತಾರೆ. ಹೀಗೆ ಮಾಡಿದರೆ ಖರ್ಚು ಜಾಸ್ತಿ. ಒಂದೇ ಮನೆಗೆ, ಒಂದೇ ಡಿಪೋಗೆ ಮತ್ತೆ ಮತ್ತೆ ಹೋಗಬೇಕು. ಆದರೂ ಬಿಡೋದಿಲ್ಲ. ನಟರಿಗೆ ಇಡೀ ಸ್ಕ್ರಿಪ್ಟ್ ಕೊಡೋದೂ ಇಲ್ಲ. ಮುಂದೆ ಏನಾಗುತ್ತೆ ಅಂತ ಅವರಿಗೂ ಗೊತ್ತಿರಲ್ಲ. ಅದಕ್ಕೇ ಆ ಮುಖಗಳಲ್ಲಿ ಸುಸ್ತು ದಿನದಿಂದ ದಿನಕ್ಕೆ ಏರುತ್ತಾ ಹೋಗೋದು ಕಾಣುತ್ತೆ. ಛಾಯಾಗ್ರಾಹಕ ರಾಬಿ ರಯಾನ್. ಕ್ಯಾಮೆರಾ ಸ್ವಲ್ಪ ದೂರದಲ್ಲಿ, ಮನುಷ್ಯರ ಕಣ್ಣಿನ ಎತ್ತರದಲ್ಲಿ ಸುಮ್ನೆ ನಿಂತಿರುತ್ತೆ. ಮುಖಕ್ಕೆ ನುಗ್ಗೋದಿಲ್ಲ.

ರಿಕಿ ಪಾತ್ರದ ಕ್ರಿಸ್ ಹಿಚನ್ ವರ್ಷಗಟ್ಟಲೆ ಪ್ಲಂಬಿಂಗ್ ಕೆಲಸ ಮಾಡಿದವರು. ಆ್ಯಬಿ ಆಗಿರುವ ಡೆಬಿ ಹನಿವುಡ್ ಶಾಲೆಯಲ್ಲಿ ಸಹಾಯಕಿ ಆಗಿದ್ದವರು. ಡಿಪೋ ಮ್ಯಾನೇಜರ್ ಮಲೋನಿ ಇದ್ದಾನಲ್ಲ, ಆ ರಾಸ್ ಬ್ರೂಸ್ಟರ್ ನಿಜವಾಗಿ ಪೊಲೀಸ್ ಕೆಲಸದಲ್ಲಿದ್ದವರು. ಜನರ ಗುಂಪಿಗೆ ಆಜ್ಞೆ ಕೊಟ್ಟು ರೂಢಿ ಇದ್ದ ಮೈಕಟ್ಟು ಅದು, ಗಮನಿಸಿ.

ಬರೆದವರು ಪಾಲ್ ಲ್ಯಾವರ್ಟಿ. ಚಾಲಕರ ಜೊತೆ ತಿರುಗಾಡಿ, ಮಾತಾಡಿಸಿ ಬರೆದದ್ದು. ಸಿನಿಮಾ ಬರುವ ಮುಂಚೆ, 2018ರ ಜನವರಿಯಲ್ಲಿ, ದಕ್ಷಿಣ ಇಂಗ್ಲೆಂಡಿನಲ್ಲಿ ಸಕ್ಕರೆ ಕಾಯಿಲೆ ಇದ್ದ ಪಾರ್ಸೆಲ್ ಚಾಲಕನೊಬ್ಬ ತೀರಿಕೊಂಡ. ಒಂದು ದಿನ ರಜೆ ಹಾಕಿದರೆ 150 ಪೌಂಡ್ ದಂಡ ಅನ್ನೋ ಹೆದರಿಕೆಗೆ ಆಸ್ಪತ್ರೆಯ ಅಪಾಯಿಂಟ್‌ಮೆಂಟುಗಳನ್ನ ತಪ್ಪಿಸಿದ್ದ ಅಂತ ಅಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಆಗಿತ್ತು. ಆದ್ದರಿಂದ ಸಿನಿಮಾದಲ್ಲಿ ರಿಕಿಗೆ ಬೀಳುವ ದಂಡಗಳನ್ನು ಅತಿಶಯ ಅನ್ನೋರಿಗೆ ಇದನ್ನ ಹೇಳಿ.

ಇನ್ನೊಂದು ವಿಷಯ. ಆರಂಭದ ಕೆಲಸದ ಸಂದರ್ಶನ ಕಪ್ಪು ಪರದೆ ಮೇಲೆ ಬರೀ ದನಿಯಾಗಿ ಶುರು ಆಗುತ್ತೆ. ತಾನು ಏನೇನು ಕೆಲಸ ಮಾಡಿದೆ ಅಂತ ರಿಕಿ ಹೇಳ್ತಾನೆ. ಚರಂಡಿ, ತೋಟ, ಗೋರಿ ಅಗೆಯೋದು ಕೂಡ. ಸರ್ಕಾರದ ಭತ್ಯೆಗೆ ಯಾವತ್ತೂ ಕೈ ಚಾಚಿಲ್ಲ ಅಂತ ಹೆಮ್ಮೆ. ಅವನು ಯಾಕೆ ತಿರುಗಿ ನಿಲ್ಲಲ್ಲ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಮುಖ ಕಾಣೋ ಮುಂಚೆಯೇ ಇದೆ.

---

ಹೇಮಾವತಿ ದಂಡೆ ಉತ್ತರ:

ಆ ಕಡೆ ಇರುವವರು ಇದ್ದರೆ ಹೇಳಿ ಅಂದಿರಿ. ನಾನು ಸಕಲೇಶಪುರದ ಕಡೆಯವಳು, ಈಗ ಗೇಟ್ಸ್‌ಹೆಡ್‌ನಲ್ಲಿದ್ದೇನೆ. ಟೈನ್ ನದಿ ದಾಟಿದರೆ ನ್ಯೂಕ್ಯಾಸಲ್. ಊರಲ್ಲಿ ನರ್ಸಿಂಗ್ ಓದಿದವಳು. 2022ರ ಫೆಬ್ರವರಿಯಲ್ಲಿ ಕೇರ್ ಕೆಲಸಕ್ಕೂ ಇಲ್ಲಿ ವೀಸಾ ಕೊಡೋಕೆ ಶುರು ಮಾಡಿದಾಗ ಸಾಲ ಮಾಡಿ ಬಂದವರಲ್ಲಿ ನಾನೂ ಒಬ್ಬಳು. (2025ರ ಜುಲೈಯಲ್ಲಿ ಆ ಬಾಗಿಲನ್ನ ಹೊರಗಿನಿಂದ ಬರುವವರಿಗೆ ಮುಚ್ಚಿದರು.) ಆ್ಯಬಿ ಮಾಡೋದು ನನ್ನ ಕೆಲಸ. ಈ ಸಿನಿಮಾ ನೋಡಿದವರೆಲ್ಲ ರಿಕಿ ಬಗ್ಗೆನೇ ಬರೀತಾರೆ. ನಾನು ಆ್ಯಬಿ ಬಗ್ಗೆ ಬರೀತೀನಿ. ನಿಮ್ಮ ಮೇಷ್ಟ್ರಿಗೆ ಉತ್ತರ ಅವಳ ಹತ್ತಿರ ಇದೆ ಅಂತ ನನ್ನ ನಂಬಿಕೆ.

ಮೇಷ್ಟ್ರು ಹೇಳಿದ್ದು ನಿಜ. ಅವರ ಮನೆಯಲ್ಲಿ ಟಿವಿ ಇದೆ, ಫೋನ್ ಇದೆ, ಊಟ ಇದೆ. ಇಲ್ಲದೆ ಇರೋದು ಹೊತ್ತು. ಕಂಪನಿ ಆ ಮನೆಯಿಂದ ತೆಗೆದುಕೊಂಡು ಹೋಗೋದು ಅದನ್ನೇ, ಅದಕ್ಕೆ ದುಡ್ಡು ಕೊಡದೇ.

ಹೇಗೆ ಅಂತ ಲೆಕ್ಕ ಹೇಳ್ತೀನಿ. ಬೆಳಗ್ಗೆ ಏಳಕ್ಕೆ ಮೊದಲ ಮನೆ. ತಿಂಡಿ ಸುತ್ತು, ಮಧ್ಯಾಹ್ನದ ಊಟದ ಸುತ್ತು, ಸಂಜೆ ಟೀ ಸುತ್ತು, ರಾತ್ರಿ ಮಲಗಿಸೋ ಸುತ್ತು. ಕೊನೆಯ ಮನೆ ಬಿಡುವಾಗ ರಾತ್ರಿ ಹತ್ತು ಆಗೋದುಂಟು. ಕೇಳಿದವರು ‘ಅಬ್ಬಾ, ಹದಿನೈದು ಗಂಟೆ ದುಡಿತಾರೆ, ಚೆನ್ನಾಗಿ ದುಡ್ಡು ಬರುತ್ತೆ’ ಅಂದುಕೊಳ್ತಾರೆ. ನಾನು ಮೊದಲು ಸೇರಿದ ಕಂಪನಿಯಲ್ಲಿ ದುಡ್ಡು ಬರುತ್ತಿದ್ದದ್ದು ಮನೆಯೊಳಗೆ ಇದ್ದ ನಿಮಿಷಗಳಿಗೆ ಮಾತ್ರ. ಬಾಗಿಲ ಪಕ್ಕ ನಂಬರ್ ಒತ್ತಿ ತೆಗೆಯೋ ಚಿಕ್ಕ ಡಬ್ಬಿ ಇರುತ್ತೆ, ಅದರಲ್ಲಿ ಕೀಲಿ. ಒಳಗೆ ಹೋದ ಕೂಡಲೇ ಅಲ್ಲಿ ಅಂಟಿಸಿದ ಚೀಟಿಗೆ ಫೋನ್ ತಾಗಿಸಬೇಕು, ಹೊರಡುವಾಗ ಮತ್ತೆ ತಾಗಿಸಬೇಕು. ಆ ಎರಡು ತಾಗಿಸೋದರ ನಡುವಿನದೇ ಕೆಲಸ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹೊತ್ತೂ ಕನಿಷ್ಠ ಕೂಲಿಯ ಲೆಕ್ಕಕ್ಕೆ ಸೇರಬೇಕು ಅಂತ ಇಲ್ಲಿ ಕಾನೂನು ಇದೆ. ಆದರೆ ಸಂಬಳದ ಚೀಟಿಯಲ್ಲಿ ಅದನ್ನ ಹುಡುಕೋದು ಕಷ್ಟ. ಎರಡು ಸುತ್ತಿನ ನಡುವೆ ಬೀಳೋ ಖಾಲಿ ಹೊತ್ತಂತೂ ಯಾರ ಲೆಕ್ಕದಲ್ಲೂ ಇಲ್ಲ. ಆ ಹೊತ್ತಲ್ಲಿ ಬಸ್ ಸ್ಟಾಪಿನಲ್ಲಿ, ಸೂಪರ್ ಮಾರ್ಕೆಟಿನ ಬೆಂಚಿನಲ್ಲಿ ಕೂತಿರ್ತೀವಿ. ಮನೆಗೆ ಹೋಗಿ ಬರುವಷ್ಟು ಬಿಡುವು ಇರಲ್ಲ.

2025ರ ಏಪ್ರಿಲ್‌ನಿಂದ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಆಯಿತು. ಹದಿನೈದು ನಿಮಿಷದ ಒಂದು ಭೇಟಿಗೆ ಮೂರು ಪೌಂಡ್ ಮೇಲೆ ಚೂರು. ಆ ಹದಿನೈದು ನಿಮಿಷದಲ್ಲಿ ಅಜ್ಜಿಯನ್ನ ಎಬ್ಬಿಸಬೇಕು, ಪ್ಯಾಡ್ ಬದಲಿಸಬೇಕು, ಒರೆಸಿ ಬಟ್ಟೆ ಹಾಕಬೇಕು, ಮಾತ್ರೆ ಕೊಟ್ಟು ನುಂಗಿದರಾ ಅಂತ ನೋಡಬೇಕು, ಟೋಸ್ಟ್ ಮಾಡಬೇಕು, ಎಲ್ಲ ಬರೆದಿಡಬೇಕು. ಎಂಬತ್ತು ದಾಟಿದವರು ಹಾಸಿಗೆಯಿಂದ ಕಾಲು ಕೆಳಗಿಡೋಕೇ ಐದು ನಿಮಿಷ ಬೇಕು. ರಾತ್ರಿ ಪೂರ್ತಿ ಒಬ್ಬರೇ ಇದ್ದವರು ನಮ್ಮ ಮುಖ ನೋಡಿದ ಕೂಡಲೇ ಮಾತಾಡಬೇಕು ಅಂತಾರೆ. ‘ಇರು ಪೆಟ್ (ಇಲ್ಲಿ ಮುದ್ದಿನಿಂದ ಹಾಗೆ ಕರೀತಾರೆ), ನಿನ್ನೆ ಏನಾಯ್ತು ಗೊತ್ತಾ’ ಅಂತ ಶುರು ಮಾಡ್ತಾರೆ. ಅವರ ಮಾತು ಕೇಳಿದರೆ ಮುಂದಿನ ಮನೆಗೆ ತಡ. ಕೇಳದೆ ಹೊರಟರೆ ನಮ್ಮ ಮನಸ್ಸು ತಡೆಯಲ್ಲ. ಆ್ಯಬಿ ಒಂದು ನಿಯಮ ಇಟ್ಟುಕೊಂಡಿರ್ತಾಳೆ. ಎದುರಿಗಿರೋದು ತನ್ನ ತಾಯಿ ಅಂದುಕೊಂಡು ನೋಡಿಕೊಳ್ಳಬೇಕು ಅಂತ. ಆ ನಿಯಮ ಪಾಲಿಸೋಕೆ ಬೇಕಾದ ಹೊತ್ತನ್ನ ಅವಳು ತನ್ನ ಮಕ್ಕಳ ಪಾಲಿನಿಂದ ತೆಗೆದು ಕೊಡ್ತಾಳೆ. ಬಸ್ ಸ್ಟಾಪಿನಲ್ಲಿ ನಿಂತು ಫೋನಿನಲ್ಲೇ ಮಗಳಿಗೆ ಊಟ ಎಲ್ಲಿದೆ, ಎಷ್ಟು ಹೊತ್ತಿಗೆ ಮಲಗಬೇಕು ಅಂತ ಹೇಳ್ತಾಳಲ್ಲ, ಆ ದೃಶ್ಯಗಳಲ್ಲಿ ಕೂಗಾಟ ಇಲ್ಲ, ಅಳು ಇಲ್ಲ. ನಮ್ಮ ಮನೆಯಲ್ಲಿ ಜೊತೆಗೆ ಕೂತು ನೋಡಿದವರು ಇಬ್ಬರು, ಒಬ್ಬಳು ಕೋಟ್ಟಯಂನವಳು, ಒಬ್ಬರು ಜಿಂಬಾಬ್ವೆಯವರು. ಇಬ್ಬರ ಮಕ್ಕಳೂ ಊರಲ್ಲೇ ಇದ್ದಾರೆ. ಆ ಫೋನ್ ಮಾತು ಬಂದಾಗ ಇಬ್ಬರೂ ಪರದೆಯಿಂದ ಮುಖ ತಿರುಗಿಸಿದರು.

ಈಗ ಕಾರು ಮಾರಿದ್ದನ್ನ ನೋಡಿ. ಸಿನಿಮಾದಲ್ಲಿ ಅದು ಒಂದೆರಡು ನಿಮಿಷದ ಮಾತುಕತೆ. ನನ್ನ ಪ್ರಕಾರ ಆ ಸಂಸಾರದ ಬೆನ್ನು ಮುರಿದದ್ದು ಅಲ್ಲೇ. ಕಾರು ಇದ್ದಾಗ ಎರಡು ಮನೆಗಳ ನಡುವೆ ಹತ್ತು ನಿಮಿಷ. ಬಸ್ಸಲ್ಲಿ ಅದೇ ದಾರಿಗೆ ಎರಡು ಬಸ್ ಬದಲಿಸಿ, ಮಳೆಯಲ್ಲಿ ಏರು ಹತ್ತಿ, ನಲವತ್ತು ನಿಮಿಷ. ಹೆಚ್ಚಾದ ಆ ಹೊತ್ತಿಗೆ ಬಿಡಿಗಾಸು ಬರಲ್ಲ. ಗಂಡ ‘ಸ್ವಂತ ವ್ಯವಹಾರ’ ಮಾಡಲಿ ಅಂತ ಹೆಂಡತಿ ತನ್ನ ದಿನದ ಎರಡು ಮೂರು ಗಂಟೆ ಕೊಟ್ಟಳು. ಅದು ಯಾವ ಕಾಗದದ ಮೇಲೂ ಸಾಲ ಅಂತ ಕಾಣಲ್ಲ. ರಿಕಿಗೂ ಅದು ಕಾಣಲ್ಲ, ಪಾಪ. ಒಳ್ಳೆಯವನೇ. ಆದರೆ ಕಾಣಲ್ಲ.

ಅಜ್ಜಿಯೊಬ್ಬರು ಆ್ಯಬಿಯ ತಲೆ ಬಾಚುವ ದೃಶ್ಯ ನೆನಪಿದೆಯಾ? ಅದಕ್ಕೆ ಮುಂಚೆ ಆ ಅಜ್ಜಿ ಹಳೇ ಫೋಟೋ ತೋರಿಸ್ತಾರೆ. 1984ರಲ್ಲಿ ಕಲ್ಲಿದ್ದಲು ಗಣಿಯವರ ಮುಷ್ಕರ ನಡೆದಾಗ ಅಡುಗೆ ಮಾಡಿ ಬಡಿಸಿದ ಹೆಂಗಸರ ಫೋಟೋ. ಆ ಮುಷ್ಕರ ವರ್ಷ ಹತ್ತಿರ ನಡೆದು ಗಣಿಯವರ ಸೋಲಿನಲ್ಲಿ ಮುಗಿಯಿತು. ಇಲ್ಲಿ ಡರ್ಹಮ್ ಕಡೆಯ ಹಳೇ ಗಣಿ ಊರುಗಳಲ್ಲಿ ಈಗಲೂ ಅದರ ಮಾತು ಬಂದರೆ ವಯಸ್ಸಾದವರ ದನಿ ಬದಲಾಗುತ್ತೆ. ನಾನು ನೋಡಿಕೊಳ್ಳುವ ಒಬ್ಬ ತಾತನ ಮನೆಯಲ್ಲಿ ಗಣಿ ದೀಪ ಇದೆ. ಬೇರೆ ಎಲ್ಲ ಧೂಳು ಹಿಡಿದಿದ್ದರೂ ಅದು ಹೊಳೀತಿರುತ್ತೆ. ಸಿನಿಮಾದ ಅಜ್ಜಿ, ಆ್ಯಬಿ ಬೆಳಗ್ಗೆ ಏಳೂವರೆಯಿಂದ ರಾತ್ರಿ ಒಂಬತ್ತರವರೆಗೆ ದುಡಿಯೋದು ಕೇಳಿ, ಎಂಟು ಗಂಟೆ ಕೆಲಸದ ನಿಯಮ ಎಲ್ಲಿ ಹೋಯಿತು ಅಂತ ಕೇಳ್ತಾರೆ. ಆ್ಯಬಿ ಹತ್ತಿರ ಉತ್ತರ ಇಲ್ಲ. ಆಮೇಲೆ ಬಾಚಣಿಗೆ. ಬೆಳಗಿಂದ ಬೇರೆಯವರ ಮೈ ಒರೆಸಿದವಳ ತಲೆಯನ್ನ ಒಬ್ಬರು ಮುಟ್ಟಿ ಬಾಚುತ್ತಾರೆ. ಲೋಚ್ ಅವರ ಇಡೀ ಸಿನಿಮಾದಲ್ಲಿ ನನಗೆ ಅತಿ ಪ್ರೀತಿಯ ಜಾಗ ಅದು.

ಇನ್ನು ಹುಡುಗರ ಪ್ರಶ್ನೆ, ಯಾಕೆ ತಿರುಗಿ ನಿಲ್ಲಲ್ಲ ಅನ್ನೋದು. ಗಣಿಯವರಿಗೆ ಒಂದೇ ಗೇಟು ಇತ್ತು. ಎಲ್ಲರೂ ಒಂದೇ ಹೊತ್ತಿಗೆ ಒಳಗೆ ಹೋಗಿ ಒಂದೇ ಹೊತ್ತಿಗೆ ಹೊರಗೆ ಬರ್ತಿದ್ದರು. ನಿಂತರೆ ಗೇಟಿನ ಮುಂದೆ ಸಾವಿರ ಜನ. ಆ್ಯಬಿ ಜೊತೆ ಕೆಲಸ ಮಾಡುವವರನ್ನ ಸಿನಿಮಾದಲ್ಲಿ ನೀವು ಎಷ್ಟು ನೋಡಿದಿರಿ? ನಾನೂ ನನ್ನ ಕಂಪನಿಯವರನ್ನ ಅಷ್ಟೇ ನೋಡೋದು. ಎತ್ತಿ ಕೂರಿಸುವ ಯಂತ್ರ ಬಳಸಬೇಕಾದ ಮನೆಗೆ ಇಬ್ಬರು ಹೋಗಬೇಕು, ಆಗ ಒಬ್ಬರ ಮುಖ ಕಾಣುತ್ತೆ, ಅಷ್ಟೇ. ರಿಕಿಯ ಡಿಪೋದಲ್ಲಿ ಎಲ್ಲರೂ ಬೆಳಗ್ಗೆ ಸೇರ್ತಾರೆ ನಿಜ. ಆದರೆ ಒಬ್ಬ ಚಾಲಕ ಮನೆಯ ತೊಂದರೆ ಅಂತ ತಡ ಮಾಡಿದ ದಿನ ಅವನ ರೂಟನ್ನ ಮ್ಯಾನೇಜರ್ ಬೇರೆಯವರಿಗೆ ಕೊಡ್ತಾನೆ. ತೆಗೆದುಕೊಳ್ಳೋದು ರಿಕಿಯೇ! ಅವನಿಗೂ ವ್ಯಾನಿನ ಕಂತು ಕಟ್ಟಬೇಕಲ್ಲ. ಇದನ್ನ ಹುಡುಗರಿಗೆ ಮತ್ತೊಮ್ಮೆ ಹಾಕಿ ತೋರಿಸಿ.

ಕೊನೆಯಲ್ಲಿ ರಿಕಿ ಏಟು ತಿಂದ ಮೈಯಲ್ಲಿ, ಒಂದು ಕಣ್ಣು ಊದಿ ಮುಚ್ಚಿಕೊಂಡೇ, ಬೆಳಗ್ಗೆ ವ್ಯಾನ್ ತೆಗೆದುಕೊಂಡು ಹೊರಡ್ತಾನೆ. ಹೆಂಡತಿ ಮಕ್ಕಳು ಅಡ್ಡ ನಿಂತರೂ ನಿಲ್ಲಲ್ಲ. ಊರಿನಲ್ಲಿ ಇದನ್ನ ನೋಡಿದವರು ‘ಹುಚ್ಚ’ ಅನ್ನಬಹುದು. ಇಲ್ಲಿ ವೀಸಾ ಮೇಲೆ ಬಂದ ನಮಗೆ ಅದು ಚೆನ್ನಾಗಿ ಅರ್ಥ ಆಗುತ್ತೆ. ನಮ್ಮ ವೀಸಾ ಇರೋದು ಕೆಲಸ ಕೊಟ್ಟ ಕಂಪನಿಯ ಹೆಸರಲ್ಲಿ. ಆ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ಇನ್ನೊಂದು ಕಂಪನಿ ಹುಡುಕಬೇಕು, ಇಲ್ಲವಾದರೆ ದೇಶ ಬಿಡಬೇಕು. ಊರಲ್ಲಿ ಸಾಲ ಕಾಯ್ತಿರುತ್ತೆ. ಜ್ವರ ಬಂದರೂ ನಾನು ರೋಟಾ (ದಿನದ ಕೆಲಸದ ಪಟ್ಟಿ) ನೋಡಿ ಹೊರಟಿದ್ದೇನೆ. ಲೋಚ್ ಅಲ್ಲಿ ಒಂದು ದಾರಿ ತೋರಿಸಿಬಿಟ್ಟಿದ್ದರೆ ನೋಡುವವರಿಗೆ ಸಮಾಧಾನ ಆಗ್ತಿತ್ತು. ನಮಗೆ ಅದು ಸುಳ್ಳು ಅನಿಸ್ತಿತ್ತು.

ನನಗೆ ಹಿಡಿಸದ್ದೂ ಒಂದಿದೆ. ಕೊನೆಯ ಭಾಗದಲ್ಲಿ ರಿಕಿ ಮೇಲೆ ದರೋಡೆ ಆಗುತ್ತಲ್ಲ, ಅದು ಬೇಕಿರಲಿಲ್ಲ. ಹೊರಗಿನವರು ಯಾರೋ ಬಂದು ಹೊಡೆಯೋ ಅಗತ್ಯವೇ ಇಲ್ಲ. ದಿನದ ರೋಟಾ ಸಾಕು ಮನುಷ್ಯನನ್ನ ಕೆಡವೋಕೆ. ಆದರೆ ಅದೇ ದರೋಡೆಯಿಂದಾಗಿ ಆಸ್ಪತ್ರೆಯ ದೃಶ್ಯ ಬರುತ್ತೆ. ಡಿಪೋದವನು ಫೋನ್ ಮಾಡಿ ಒಡೆದುಹೋದ ಸ್ಕ್ಯಾನರಿಗೂ (ಚಾಲಕರ ಕೈಯಲ್ಲಿ ಪಾರ್ಸೆಲ್ ಲೆಕ್ಕ ಇಡೋ ಯಂತ್ರ) ದುಡ್ಡು ಕಟ್ಟಬೇಕು ಅಂದಾಗ ಆ್ಯಬಿ ಫೋನ್ ಕಿತ್ತುಕೊಂಡು ಎಲ್ಲರ ಮುಂದೆ ಬೈಯ್ತಾಳೆ. ಬೈದ ಮೇಲೆ ಸುತ್ತ ಕೂತವರ ಹತ್ತಿರ, ನಾನು ಜನರನ್ನ ನೋಡಿಕೊಳ್ಳುವವಳು, ನಾನು ಹೀಗೆಲ್ಲ ಬೈಯೋಳಲ್ಲ ಅಂತ ಅಳ್ತಾಳೆ. ತನ್ನ ಸಿಟ್ಟಿಗೂ ಕ್ಷಮೆ ಕೇಳುವ ಸ್ಥಿತಿಗೆ ಅವಳನ್ನ ತಂದಿದ್ದಾರೆ. ಅದನ್ನ ನೋಡಿದಾಗೆಲ್ಲ ನನಗೆ ಮೈ ಉರಿಯುತ್ತೆ.

---

ರಾಯಚೂರ್ ಹುಡುಗ ಉತ್ತರ:

ಹೇಮಾವತಿ ಅಕ್ಕ, ನಾನು ಬೆಂಗಳೂರಲ್ಲಿ ಡೆಲಿವರಿ ಕೆಲಸ ಮಾಡ್ತೀನಿ. ಮೊದಲು ಪಾರ್ಸೆಲ್, ಈಗ ಊಟ. ಈ ಸಿನಿಮಾನ ರೂಮಲ್ಲಿ ಫೋನಿನಲ್ಲಿ ನೋಡಿದ್ದೆ, ಮೂರು ಜನ ಸೇರಿ.

ಸ್ಕ್ಯಾನರ್ ವಿಷಯ ಪೂರ್ತಿ ನಿಜ. ಚಾಲಕ ವ್ಯಾನ್ ಬಿಟ್ಟು ಎರಡು ನಿಮಿಷ ಆದರೆ ಅದು ಬೀಪ್ ಅನ್ನುತ್ತೆ. ನಮ್ಮ ಆ್ಯಪ್ ಬೀಪ್ ಅನ್ನಲ್ಲ, ಸುಮ್ನೆ ಆರ್ಡರ್ ಕೊಡೋದು ಕಮ್ಮಿ ಮಾಡುತ್ತೆ. ಯಾಕೆ ಅಂತ ಕೇಳೋಕೆ ಮನುಷ್ಯ ಸಿಗಲ್ಲ. ರಿಕಿಗೆ ಬೈಯೋಕೆ ಒಬ್ಬ ಮಲೋನಿ ಇದ್ದಾನಲ್ಲ ಅಂತ ನನ್ನ ಗೆಳೆಯ ಅಂದ. ನಿಲ್ಲೋಕೆ ಹೊತ್ತಿಲ್ಲದೆ ಚಾಲಕರು ಬಾಟಲಿಯಲ್ಲೇ ಮೂತ್ರ ಮಾಡೋ ವಿಷಯಕ್ಕೂ ನಮ್ಮಲ್ಲಿ ಯಾರೂ ಆಶ್ಚರ್ಯಪಡಲಿಲ್ಲ. ಪೆಟ್ರೋಲ್ ಬಂಕಿನವರು ಒಳ್ಳೆಯವರಾದರೆ ಸರಿ. ಹೆಣ್ಣುಮಕ್ಕಳು ಈ ಕೆಲಸಕ್ಕೆ ಬಂದರೆ ಏನು ಮಾಡ್ತಾರೆ ಅಂತ ಯೋಚನೆ ಮಾಡಿ.

ಆದರೆ ಅಕ್ಕ, ಒಂದು ಮಾತಿಗೆ ನಾನು ಒಪ್ಪಲ್ಲ. ನಮ್ಮವರು ಒಬ್ಬರನ್ನೊಬ್ಬರು ನೋಡದೇ ಇರಲ್ಲ. ಹೋಟೆಲ್ ಮುಂದೆ ಆರ್ಡರಿಗೆ ಕಾಯ್ತಾ ನಿಲ್ತೀವಿ. ಅಲ್ಲೇ ಪರಿಚಯ, ಅಲ್ಲೇ ವಾಟ್ಸಾಪ್ ಗುಂಪು. ಯಾರಿಗಾದರೂ ಆ್ಯಕ್ಸಿಡೆಂಟ್ ಆದರೆ ಅರ್ಧ ಗಂಟೆಯಲ್ಲಿ ದುಡ್ಡು ಸೇರುತ್ತೆ. ಸಿನಿಮಾದಲ್ಲೂ ಹೆನ್ರಿ ಅಂತ ಒಬ್ಬ ರಿಕಿಗೆ ಕೆಲಸ ಹೇಳಿಕೊಡ್ತಾನೆ, ಬಾಟಲಿ ಕೊಡೋದು ಅವನೇ. ಅವನನ್ನ ಇನ್ನೂ ಜಾಸ್ತಿ ತೋರಿಸಬೇಕಿತ್ತು. ಎಲ್ಲರೂ ಒಂಟಿ ಅಂತ ತೋರಿಸಿದರೆ ನೋಡೋ ಹುಡುಗರು ಏನೂ ಮಾಡೋಕಾಗಲ್ಲ ಅಂದುಕೊಳ್ತಾರೆ.

ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರಿಗೆ (ನಮ್ಮ ಹಾಗೆ ಆ್ಯಪ್ ಮೂಲಕ ದುಡಿಯೋರಿಗೆ) ಅಂತಲೇ ಕಾಯ್ದೆ ಬಂತು, ಮೊದಲು ಮೇ ತಿಂಗಳಲ್ಲಿ ಸುಗ್ರೀವಾಜ್ಞೆ. ಕಂಪನಿಗಳು ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಕೆಲಸದಿಂದ ತೆಗೆಯೋದಾದರೆ ಕಾರಣ ಹೇಳಿ 14 ದಿನ ಮುಂಚೆ ನೋಟಿಸ್ ಕೊಡಬೇಕು. ಅದಕ್ಕೂ ಮುಂಚೆ 2023ರಲ್ಲಿ ರಾಜಸ್ಥಾನದಲ್ಲಿ ಇಂಥದ್ದೊಂದು ಬಂದಿತ್ತು. ಇದೆಲ್ಲ ಸುಮ್ನೆ ಬಂದಿದ್ದಲ್ಲ. ಒಕ್ಕೂಟದವರು ಬೀದಿಗೆ ಬಂದು ಕೇಳಿದ್ದಕ್ಕೆ ಬಂದಿದ್ದು. ಕಾಗದದ ಮೇಲಿನದು ನಮ್ಮ ಕೈಗೆ ಪೂರ್ತಿ ಸಿಗೋವರೆಗೆ ಇನ್ನೂ ಕೇಳ್ತಾ ಇರಬೇಕು. ಬೆಣ್ಣೆನಗರಿ ಸರ್, ಚರ್ಚೆಯಲ್ಲಿ ಇದನ್ನೂ ಹೇಳಿ.

ಮಗಳು ಅಪ್ಪನ ಜೊತೆ ವ್ಯಾನಲ್ಲಿ ಹೋಗೋ ದಿನ ನಮಗೆಲ್ಲ ತುಂಬ ಇಷ್ಟ ಆಯ್ತು. ಆಮೇಲೆ ಡಿಪೋದವನು ಮಗಳನ್ನ ಕರ್ಕೊಂಡು ಬರಬೇಡ ಅಂತಾನಲ್ಲ, ವ್ಯಾನ್ ನನ್ನದು, ಮಗಳು ನನ್ನವಳು, ವ್ಯವಹಾರ ನನ್ನದು ಅಂದಿದ್ದಿರಿ ಅಂತ ರಿಕಿ ಕೇಳ್ತಾನೆ. ಅಲ್ಲಿ ನಮ್ಮ ರೂಮಲ್ಲಿ ಎಲ್ಲರೂ ಕೂಗಿದೆವು.

---

ಹೇಮಾವತಿ ದಂಡೆ ಉತ್ತರ:

ತಮ್ಮಾ, ನೀನು ಹೇಳಿದ್ದು ಸರಿ. ಹೋಟೆಲ್ ಮುಂದೆ ನಿಲ್ಲೋ ಜಾಗ ನಿಮಗಿದೆ, ಅದು ದೊಡ್ಡದು. ಮನೆಯೊಳಗಿನ ಕೆಲಸದವರಿಗೆ ಅದು ಇಲ್ಲ. ಇಲ್ಲೂ 2021ರಲ್ಲಿ ಟ್ಯಾಕ್ಸಿ ಆ್ಯಪ್‌ನ ಚಾಲಕರು ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ತಾವು ಸ್ವಂತ ವ್ಯವಹಾರದವರಲ್ಲ, ದುಡಿಯುವವರು ಅಂತ ಗೆದ್ದರು. ಕನಿಷ್ಠ ಕೂಲಿ, ರಜೆ ಸಂಬಳದ ಹಕ್ಕು ಸಿಕ್ಕಿತು. ನಾನೂ ಈಗ ಯೂನಿಯನ್ ಸದಸ್ಯೆ. ನಮ್ಮ ಸಭೆ ಫೋನಿನಲ್ಲೇ ನಡೆಯುತ್ತೆ, ಅರ್ಧ ಜನ ಬಸ್ಸಿನಲ್ಲಿ ಕೂತೇ ಮಾತಾಡ್ತಾರೆ.

---

ಬೆಣ್ಣೆನಗರಿ ಉತ್ತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೇಮಾವತಿ ಮೇಡಂ ಬರೆದದ್ದನ್ನ ಅಪ್ಪನಿಗೆ ಓದಿ ಹೇಳಿದೆ. ಅವತ್ತು ಸುಮ್ಮನೆ ಎದ್ದು ಹೋದವರು ಇವತ್ತು ಮಾತಾಡಿದರು. ‘ಗಿರಣಿಯಲ್ಲಿ ನಮಗೆ ಮೂರು ಪಾಳಿ. ಒಳಗೆ ಹತ್ತಿ ಧೂಳು, ಶೆಖೆ, ಕಿವಿ ಕೇಳಿಸದಷ್ಟು ಸದ್ದು. ಸುಖ ಏನಿರಲಿಲ್ಲ. ಆದರೆ ಸೈರನ್ ಆದರೆ ಆಯ್ತು. ಆಮೇಲೆ ಕಂಪನಿ ನನ್ನ ಹುಡುಕಿಕೊಂಡು ಮನೆಗೆ ಬರ್ತಿರಲಿಲ್ಲ. ಆ ಹೆಣ್ಣುಮಗಳು ಉಣ್ಣಾಕ ಕೂತಾಗಲೂ ಫೋನ್ ಬರ್ತದಲ್ಲ’ ಅಂದರು. ಶನಿವಾರ ರಾತ್ರಿ ನಾಲ್ವರೂ ಕೂತು ನಮ್ಮ ಕಡೆಯ ಖಾರದ ಊಟ ಮಾಡ್ತಿರುವಾಗ ಆ್ಯಬಿಗೆ ಕರೆ ಬರುತ್ತಲ್ಲ, ಆ ದೃಶ್ಯ ಅಪ್ಪನಿಗೆ ಹಿಡಿದಿದೆ. ಮಗನೇ ಎಲ್ಲರೂ ಒಟ್ಟಿಗೆ ವ್ಯಾನಲ್ಲಿ ಹೋಗೋಣ ಅಂತಾನೆ, ಹಾಡು ಹಾಕಿಕೊಂಡು ಹೋಗ್ತಾರೆ. ಹುಡುಗ ಕೆಟ್ಟವನಲ್ಲ ಅಂತ ಅಪ್ಪ ಒತ್ತಿ ಹೇಳಿದರು.

ಮೇಷ್ಟ್ರಿಗೂ ಓದಿಸ್ತೀನಿ. ಮುಂದಿನ ತಿಂಗಳಿಗೆ ಇದೇ ಲೋಚ್ ಅವರ ‘ಐ, ಡೇನಿಯಲ್ ಬ್ಲೇಕ್’ ಹಾಕಲಾ? ಬೇರೆ ಇದೆಯಾ?

---

ಕ್ಲಾಪ್‌ಬೋರ್ಡ್ ಉತ್ತರ:

‘ಐ, ಡೇನಿಯಲ್ ಬ್ಲೇಕ್’ 2016ರಲ್ಲಿ ಕಾನ್ ಉತ್ಸವದ ದೊಡ್ಡ ಪ್ರಶಸ್ತಿ ಪಡೆದದ್ದು. ಅದೂ ನ್ಯೂಕ್ಯಾಸಲ್ ಕಥೆಯೇ. ಹೃದಯಾಘಾತ ಆದ 59 ವರ್ಷದ ಬಡಗಿ, ಕೆಲಸ ಮಾಡಬೇಡ ಅಂತ ಡಾಕ್ಟರು ಹೇಳಿದರೂ, ಕೆಲಸ ಮಾಡಬಲ್ಲೆ ಅಂತ ಸರ್ಕಾರಿ ಫಾರಂ ಹೇಳುತ್ತೆ. ಒಳ್ಳೆಯ ಸಿನಿಮಾ. ಆದರೆ ಹಿಂದೆ ಹಿಂದೆಯೇ ತೋರಿಸಿದರೆ ಜನ ಅದೇ ಊರು, ಅದೇ ದುಃಖ ಅನ್ನಬಹುದು. ಒಂದೆರಡು ತಿಂಗಳು ಬಿಡಿ.

---

ಹೇಮಾವತಿ ದಂಡೆ ಉತ್ತರ:

ನಾನಾದರೆ ‘ಟೂ ಡೇಸ್, ಒನ್ ನೈಟ್’ ಹಾಕ್ತೀನಿ. ಬೆಲ್ಜಿಯಂನ ಡಾರ್ಡೆನ್ ಸಹೋದರರದ್ದು, 2014. ಲಿಯೇಜ್ ಪಕ್ಕದ ಸೆರಾಂಗ್ ಅನ್ನೋ ಉಕ್ಕಿನ ಊರಿನ ಸುತ್ತಮುತ್ತ ಅವರ ಹೆಚ್ಚಿನ ಸಿನಿಮಾಗಳು ನಡೀತವೆ. ಸೌರ ಫಲಕ ಮಾಡುವ ಚಿಕ್ಕ ಕಾರ್ಖಾನೆ. ಕೆಲಸಗಾರರ ಮುಂದೆ ಕಂಪನಿ ಎರಡೇ ಆಯ್ಕೆ ಇಡುತ್ತೆ. ತಲಾ 1,000 ಯೂರೋ ಬೋನಸ್ ಬೇಕೋ, ಸಾಂಡ್ರಾಳ ಕೆಲಸ ಉಳಿಯಬೇಕೋ. ಸೋಮವಾರ ಮತ ಹಾಕಬೇಕು. ಶನಿವಾರ ಭಾನುವಾರ ಸಾಂಡ್ರಾ ಜೊತೆ ಕೆಲಸಗಾರರ ಮನೆ ಬಾಗಿಲಿಗೆ ಹೋಗ್ತಾಳೆ. ಖಿನ್ನತೆಯಿಂದ ಈಗಷ್ಟೇ ಎದ್ದವಳು, ಒಂದೊಂದು ಬೆಲ್ ಒತ್ತೋದೂ ಅವಳಿಗೆ ಕಷ್ಟ.

ಯಾಕೆ ಎಲ್ಲರೂ ಒಟ್ಟಿಗೆ ನಿಲ್ಲಲ್ಲ ಅಂತ ಕೇಳಿದ ನಿಮ್ಮ ಹುಡುಗರು ನೋಡಬೇಕಾದದ್ದು ಇದು. ಪ್ರತಿ ಬಾಗಿಲಲ್ಲೂ ಒಬ್ಬೊಬ್ಬರು ಒಂದೊಂದು ಕಾರಣ ಹೇಳ್ತಾರೆ. ಕರೆಂಟ್ ಬಿಲ್ಲು, ಮನೆಯ ಅಂಗಳ, ಮಗಳ ಓದು. ಯಾರೂ ದುಷ್ಟರಲ್ಲ. ಒಬ್ಬ ಅವಳನ್ನ ನೋಡಿದ ಕೂಡಲೇ ಅತ್ತುಬಿಡ್ತಾನೆ. ಏನಾಗುತ್ತೆ ಅಂತ ಹೇಳಲ್ಲ. ನೋಡುವ ಮುಂಚೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ನೀವಾದರೆ ಯಾವುದಕ್ಕೆ ಮತ ಹಾಕ್ತೀರಿ ಅಂತ ಬರೆಸಿ ಡಬ್ಬಿಯಲ್ಲಿ ಹಾಕಿಸಿಕೊಳ್ಳಿ. ಮುಗಿದ ಮೇಲೆ ಮತ್ತೊಮ್ಮೆ ಬರೆಸಿ. ಮಾತು ಫ್ರೆಂಚಿನಲ್ಲಿದೆ, ಅಪ್ಪನ ಪಕ್ಕ ಕೂತು ಸಬ್‌ಟೈಟಲ್ ಕನ್ನಡದಲ್ಲಿ ಓದಿ ಹೇಳೋಕೆ ಒಬ್ಬರನ್ನ ಕೂರಿಸಿ. ಕಷ್ಟ ಆಗಲ್ಲ.